ಹೇಮಾವತಿ ಎಂದುಕೊಂಡ ನದಿ

‘ದಾರಿ ತಪ್ಪಿದೆ ಎಂದು ಗೊತ್ತಾದ ತಕ್ಷಣ ರೇಡಿಯೋದಲ್ಲಿ ತಿಳಿಸಿದೆ’ ಎಂದು ಆ ದಿನದ ಡೈರಿಯಲ್ಲಿ ನನ್ನದೇ ಕೈಬರಹದಲ್ಲಿ ಇದೆ. ಅದು ನಿಜವಲ್ಲ. ನಮ್ಮ ತರಬೇತಿ ಶಾಲೆಯ ರೇಡಿಯೋ ಕೋಣೆಯಲ್ಲಿ ಒಂದು ಉದ್ದನೆಯ ಪುಸ್ತಕವಿದೆ. ಯಾವ ವಿಮಾನದಿಂದ ಎಷ್ಟು ಹೊತ್ತಿಗೆ ಏನು ಮಾತು ಬಂತು ಎಂದು ಅದರಲ್ಲಿ ಬರೆಯುತ್ತಾರೆ. ಅದರ ಪ್ರಕಾರ ಹತ್ತು ಗಂಟೆ ಹದಿನೇಳು ನಿಮಿಷಕ್ಕೆ ನಾನು ‘ಅರಕಲಗೂಡು ತಲುಪಿದೆ’ ಎನ್ನಬೇಕಿತ್ತು. ಅನ್ನಲಿಲ್ಲ. ಹತ್ತು ಇಪ್ಪತ್ತಕ್ಕೆ ಅವರೇ ಕರೆದರು, ಸ್ವಲ್ಪ ತಾಳಿ ಎಂಬ ಅರ್ಥದಲ್ಲಿ ‘ಸ್ಟ್ಯಾಂಡ್‌ಬೈ’ ಎಂದೆ. ಹತ್ತು ಇಪ್ಪತ್ತನಾಲ್ಕಕ್ಕೆ ಮತ್ತೆ ಕರೆದರು, ಮತ್ತೆ ‘ಸ್ಟ್ಯಾಂಡ್‌ಬೈ’. ದಾರಿ ತಪ್ಪಿದೆ ಎಂದು ಬಾಯಿ ಬಿಟ್ಟದ್ದು ಹತ್ತು ಇಪ್ಪತ್ತೆಂಟಕ್ಕೆ. ನಡುವಿನ ಹನ್ನೊಂದು ನಿಮಿಷ ನನ್ನ ಡೈರಿಯಲ್ಲಿ ಇಲ್ಲವೇ ಇಲ್ಲ.

ನಾನು ಇತಿಹಾಸದಲ್ಲಿ ಎಂ.ಎ. ಮಾಡಿದವಳು. ಕಣ್ಣಾರೆ ಕಂಡವನು ಅದೇ ದಿನ ಬರೆದಿಟ್ಟರೂ ಅದನ್ನು ಪೂರ್ತಿ ನಂಬಬೇಡಿ, ಅವನಿಗೆ ಏನನ್ನು ಮುಚ್ಚಿಡುವುದಿತ್ತು ಎಂದು ಮೊದಲು ಕೇಳಿ ಎಂದು ನಮಗೆ ಪಾಠ ಹೇಳುತ್ತಿದ್ದರು. ಪರೀಕ್ಷೆಯಲ್ಲಿ ಅದನ್ನು ಚೆನ್ನಾಗಿಯೇ ಬರೆದಿದ್ದೆ. ಪಿಯುಸಿಯಲ್ಲಿ ವಿಜ್ಞಾನ ಓದಿದ್ದರಿಂದ, ಎರಡು ವರ್ಷ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದ ಮೇಲೆ, ಇಪ್ಪತ್ತಾರರಲ್ಲಿ ವಿಮಾನ ಹಾರಿಸುವುದನ್ನು ಕಲಿಯಲು ಸೇರಿಕೊಂಡೆ. ನಮ್ಮದು ಹೊಳೆನರಸೀಪುರ. ಅಪ್ಪ ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಹೇಳುತ್ತಾರೆ, ಸರದಿ ಬಂದ ತಿಂಗಳು ದೇವಸ್ಥಾನದ ಪೂಜೆಯನ್ನೂ ಮಾಡುತ್ತಾರೆ. ಅಮ್ಮ ತಾಲ್ಲೂಕು ಕಚೇರಿಯಲ್ಲಿ ಕೆಲಸದಲ್ಲಿದ್ದಾರೆ.

ಕಲಿಯುವವರು ಒಬ್ಬರೇ ಹಾರುವುದಕ್ಕೆ ನಮ್ಮಲ್ಲಿ ‘ಸೋಲೋ’ ಎನ್ನುತ್ತಾರೆ. ಅದಕ್ಕಿರುವಷ್ಟು ಕಟ್ಟುಪಾಡು ನಮ್ಮ ಮನೆಯ ಮಡಿಗೂ ಇಲ್ಲ. ಪ್ರತಿ ಸಲವೂ ಕಲಿಸುವವರು ಸಹಿ ಹಾಕಿದ ಚೀಟಿ ಬೇಕು. ಇವತ್ತಿನ ಚೀಟಿ ನಾಳೆಗೆ ನಡೆಯುವುದಿಲ್ಲ. ಪಕ್ಕದ ಸೀಟಿನಲ್ಲಿ ಯಾರನ್ನೂ ಕೂರಿಸಿಕೊಳ್ಳುವಂತಿಲ್ಲ. ನೆಲ ಕಣ್ಣಿಗೆ ಕಾಣುತ್ತಲೇ ಇರಬೇಕು, ಮೋಡದೊಳಕ್ಕೆ ಹೋಗುವಂತಿಲ್ಲ, ಮೋಡದ ಮೇಲಕ್ಕೂ ಹೋಗುವಂತಿಲ್ಲ. ಬರೆದುಕೊಟ್ಟ ದಾರಿ ಬಿಟ್ಟು ಅತ್ತಿತ್ತ ತಿರುಗುವಂತಿಲ್ಲ. ಫೋನು ಕೆಳಗೇ ಬಿಟ್ಟು ಹೋಗಬೇಕು. ನಕ್ಷೆ ಕೈಗೆ ಎಟುಕುವಂತಿರಬೇಕು. ಅನುಮಾನ ಬಂದರೆ ಕೂಡಲೇ ಹೇಳಬೇಕು. ಈ ಕೊನೆಯದನ್ನು ನಮ್ಮ ಮೇಷ್ಟ್ರು ವಾರಕ್ಕೊಮ್ಮೆಯಾದರೂ ಹೇಳುತ್ತಿದ್ದರು. ಅವರು ಅರಕಲಗೂಡು ತಾಲ್ಲೂಕಿನ ಬೇಸಾಯಗಾರರ ಮನೆಯವರು, ಸೇನೆಯಲ್ಲಿ ಹಾರಿಸಿ ನಿವೃತ್ತರಾದ ಮೇಲೆ ನಮಗೆ ಕಲಿಸಲು ಬಂದವರು.

ರನ್‌ವೇ ಸುತ್ತಲೇ ನಾಲ್ಕಾರು ಸಲ ಒಬ್ಬಳೇ ಸುತ್ತಿದ್ದೆ. ದೂರದ ಸೋಲೋ ಅದೇ ಮೊದಲು. ಈ ಊರುಗಳಿಗೆಲ್ಲ ದಕ್ಷಿಣದಲ್ಲಿರುವ ನಮ್ಮ ಶಾಲೆಯಿಂದ ಎದ್ದು ಚನ್ನರಾಯಪಟ್ಟಣ, ಅಲ್ಲಿಂದ ಹಾಸನ, ಹಾಸನದಿಂದ ಅರಕಲಗೂಡು, ಅಲ್ಲಿಂದ ವಾಪಸು. ಎಲ್ಲೂ ಇಳಿಯುವುದಿಲ್ಲ, ಮೇಲಿಂದ ಗುರುತು ಹಿಡಿದು, ರೇಡಿಯೋದಲ್ಲಿ ಹೇಳಿ, ತಿರುಗಬೇಕು. ಹಿಂದಿನ ರಾತ್ರಿ ಅಪ್ಪ ಫೋನಿನಲ್ಲಿ, “ನಮ್ಮ ಮನೆ ಮೇಲೆ ಒಂದು ಸುತ್ತು ಹಾಕೋಕಾಗಲ್ವೇನೆ?” ಎಂದರು. ಬರುವ ಹಾಗಿಲ್ಲ ಎಂದೆ. “ಹಾಗಾದ್ರೆ ನಾನು ಮಹಡಿ ಹತ್ತೋದು ದಂಡ,” ಎಂದು ಫೋನನ್ನು ಅಮ್ಮನ ಕೈಗೆ ಕೊಟ್ಟರು.

ಅಮ್ಮ ಪಂಚಾಂಗ ನೋಡಿಯೇ ಕೂತಿದ್ದರು. “ನಾಳೆ ಶನಿವಾರ ಕಣೇ. ಒಂಬತ್ತರಿಂದ ಹತ್ತೂವರೆ ರಾಹುಕಾಲ.”

“ಹೊರಡೋ ಹೊತ್ತು ನನ್ನ ಕೈಲಿಲ್ಲಮ್ಮ. ಒಂಬತ್ತೂ ಕಾಲಿಗೆ ಬರೆದಾಗಿದೆ.”

“ಬದಲಾಯಿಸು ಅಂತ ನಾನೆಲ್ಲಿ ಹೇಳ್ದೆ? ಪರಸ್ಥಾನ ಇಟ್ಬಿಡು, ಸಾಕು.”

ನಮ್ಮಲ್ಲಿ ಇದು ರೂಢಿ. ಹೊರಡುವ ಗಳಿಗೆ ಚೆನ್ನಾಗಿಲ್ಲದಿದ್ದರೆ, ಅದಕ್ಕೆ ಮುಂಚೆಯೇ ನಮ್ಮ ಸಾಮಾನು ಏನಾದರೊಂದನ್ನು ಹೊಸ್ತಿಲಾಚೆ ಸಾಗಿಸಿ ಪಕ್ಕದ ಮನೆಯಲ್ಲಿಟ್ಟರೆ ಪ್ರಯಾಣ ಆಗಲೇ ಶುರುವಾದಂತೆ. ನನ್ನ ಎಂ.ಎ. ಪರೀಕ್ಷೆಗೂ ನನ್ನ ಪೆನ್ನು ನನಗಿಂತ ಮುಂಚೆ ಎದುರು ಮನೆಗೆ ಹೋಗಿತ್ತು. ಒಂದೇ ಷರತ್ತು: ಇಟ್ಟದ್ದನ್ನು ವಾಪಸು ತರಬಾರದು. ತಂದರೆ ಹೊರಟದ್ದು ಮುರಿದಂತೆ.

“ಎಲ್ಲಿಡಲಿ? ಇಲ್ಲಿ ಪಕ್ಕದ ಮನೆ ಯಾವುದಿದೆ?”

“ವಿಮಾನದಲ್ಲೇ ಇಡು. ಒಂಬತ್ತಕ್ಕೆ ಮುಂಚೆ. ನಂಗೇನು ಭಾರೀ ನಂಬಿಕೆ ಅಂತಲ್ಲ ಕಣೇ, ಇಟ್ಟರೆ ಏನು ಹೋಗತ್ತೆ?”

ನನಗೂ ನಂಬಿಕೆ ಇಲ್ಲ ಎಂದೇ ಅಂದುಕೊಂಡಿದ್ದೆ. ಆದರೂ ಬೆಳಿಗ್ಗೆ ಎಂಟೂ ಮುಕ್ಕಾಲಿಗೆ, ನಕ್ಷೆ ಇದ್ದ ಬಟ್ಟೆಯ ಚೀಲವನ್ನು ತೆಗೆದುಕೊಂಡು ಹೋಗಿ ನನಗೆ ಗೊತ್ತುಮಾಡಿದ್ದ ವಿಮಾನದ ಸೀಟಿನ ಪಕ್ಕದ ಜೇಬಿನಲ್ಲಿ ಇಟ್ಟೆ. ಅಲ್ಲಿ ಎಂಜಿನ್ ಎಣ್ಣೆ ನೋಡುತ್ತಿದ್ದ ಮೆಕ್ಯಾನಿಕ್ ನಕ್ಕರು. ಹಳ್ಳಿಮೈಸೂರಿನ ಕಡೆಯವರು, ಐವತ್ತು ದಾಟಿದವರು, ವಿಮಾನಗಳನ್ನೆಲ್ಲ ಗಾಡಿ ಎಂದೇ ಕರೆಯುವವರು.

“ಏನವ್ವಾ, ಬಸ್ಸಲ್ಲಿ ಸೀಟು ಇಡಿಯಾಕೆ ಟವಲ್ ಆಕ್ದಂಗೆ ಈಗ್ಲೇ ಚೀಲ ಮಡಗ್ತಿದ್ದೀಯಾ? ಇದ್ರಾಗೆ ನಿನ್ನ್ ಬಿಟ್ರೆ ಇನ್ಯಾರ್ ಅತ್ತಾರು?”

ನಾಚಿಕೆಯಾಗಿ ಏನೋ ಹೇಳಿ ಬಂದೆ. ಮೇಷ್ಟ್ರು ಹವೆಯ ವರದಿ ನೋಡಿ, ಪಶ್ಚಿಮದ ಕಡೆ ಮಧ್ಯಾಹ್ನದ ಮೇಲೆ ಮೋಡ ದಟ್ಟವಾಗಬಹುದು, ಅಷ್ಟರೊಳಗೆ ನೀನು ಬಂದಿರುತ್ತೀಯ ಎಂದು ಚೀಟಿಗೆ ಸಹಿ ಹಾಕಿದರು. ಮುಂಗಾರು ಶುರುವಾಗುವ ಮುಂಚಿನ ವಾರ ಅದು. ಒಂಬತ್ತು ಗಂಟೆ ಐದಕ್ಕೆ ನಾನು ವಿಮಾನದ ಬಳಿ ಹೋದಾಗ ಮೆಕ್ಯಾನಿಕ್ ಮುಂದಿನ ಚಕ್ರದ ಬಳಿ ಕುಕ್ಕರಗಾಲಲ್ಲಿ ಕೂತಿದ್ದರು.

“ಈ ಗಾಡಿ ಬ್ಯಾಡ ಕಣವ್ವಾ, ಗಾಲಿ ಗಾಳಿ ಬಿಟ್ಬುಟ್ಟೈತೆ. ಪಕ್ಕದ್ದು ತಕಾ. ಮೇಷ್ಟ್ರುಗೆ ಏಳಿವ್ನಿ.”

ಪಕ್ಕದ ವಿಮಾನಕ್ಕೆ ಹೋದೆ. ಕಿವಿಗೆ ಹಾಕುವ ಹೆಡ್‌ಸೆಟ್, ತೊಡೆಗೆ ಕಟ್ಟುವ ಹಲಗೆ, ಬೆನ್ನಿಗೆ ಒತ್ತಿಕೊಳ್ಳುವ ದಿಂಬು, ಎಲ್ಲವೂ ನನ್ನ ಕೈಯಲ್ಲೇ ಇದ್ದವು. ಚೀಲ ಮೊದಲನೆಯದರಲ್ಲೇ ಉಳಿಯಿತು.

ಇಲ್ಲಿ ನನ್ನ ನೆನಪು ಕೈಕೊಡುತ್ತದೆ. ಒಂದು ನೆನಪಿನಲ್ಲಿ ನಾನು ಗಡಿಬಿಡಿಯಲ್ಲಿ ಚೀಲವನ್ನು ಮರೆತೇಬಿಟ್ಟಿದ್ದೇನೆ. ಇನ್ನೊಂದರಲ್ಲಿ ಮೊದಲ ವಿಮಾನದ ಬಾಗಿಲು ತೆರೆದು, ಚೀಲದ ಹಿಡಿಯನ್ನು ಕಂಡು, ಗಡಿಯಾರ ನೋಡಿ, ಒಂಬತ್ತು ದಾಟಿದೆ, ಈಗ ಎತ್ತಿ ಕೆಳಕ್ಕೆ ತಂದರೆ ಹೊರಟದ್ದು ಮುರಿಯುತ್ತದೆ ಎಂದುಕೊಂಡು ಬಾಗಿಲು ಹಾಕಿದ್ದೇನೆ. ಎರಡನೆಯದರಲ್ಲಿ ಬಾಗಿಲಿನ ತಣ್ಣನೆಯ ಹಿಡಿಕೆ ಕೂಡ ನೆನಪಿದೆ. ಆದರೆ ಆ ಹಿಡಿಕೆಯನ್ನು ನಾನು ನೂರು ಸಲ ಮುಟ್ಟಿದ್ದೇನೆ. ಆ ತಣ್ಣನೆ ಯಾವ ಬೆಳಗಿನದೋ.

ನಕ್ಷೆ ಇಲ್ಲವೆಂಬುದು ಮನಸ್ಸಿಗೆ ತಟ್ಟಿದ್ದು ಮೇಲೆದ್ದು ಹತ್ತು ನಿಮಿಷವಾದ ಮೇಲೆ, ಕೆಳಗಿನ ಒಂದು ಕೆರೆ ಯಾವುದೆಂದು ನೋಡಲು ಕೈ ಪಕ್ಕದ ಜೇಬಿಗೆ ಹೋದಾಗ. ಜೇಬು ಖಾಲಿ. ನಾನು ಮೂರು ಸಲ ಕೈ ಹಾಕಿ ನೋಡಿದೆ. ಆಗಲೇ ತಿರುಗಬೇಕಿತ್ತು, ನಿಯಮ ಇದ್ದದ್ದೇ ಹಾಗೆ. ತಿರುಗಿದ್ದರೆ ಹತ್ತು ನಿಮಿಷದಲ್ಲಿ ಕೆಳಗಿರುತ್ತಿದ್ದೆ. ಆದರೆ ಕೆಳಗಿಳಿದು ಮೇಷ್ಟ್ರ ಮುಂದೆ, ನಕ್ಷೆ ಇನ್ನೊಂದು ವಿಮಾನದಲ್ಲಿದೆ ಎನ್ನಬೇಕು. ಅಲ್ಲಿಗೆ ಹೇಗೆ ಹೋಯಿತು ಎಂದು ಅವರು ಕೇಳುತ್ತಾರೆ. ಭೌತಶಾಸ್ತ್ರದ ಮೇಷ್ಟ್ರ ಮಗಳು, ಎಂ.ಎ. ಮಾಡಿದವಳು, ರಾಹುಕಾಲದ ಕಥೆ ಹೇಳಬೇಕು. ತೊಡೆಯ ಮೇಲಿನ ಹಲಗೆಯಲ್ಲಿ ಯಾವ ಊರಿಗೆ ಯಾವ ದಿಕ್ಕು, ಎಷ್ಟು ನಿಮಿಷ ಎಂದು ಬರೆದ ಹಾಳೆ ಇತ್ತು. ಅದು ಸಾಕು ಎಂದುಕೊಂಡೆ.

ಸಾಕಾಯಿತು ಕೂಡ, ಹಾಸನದವರೆಗೆ. ಬಲಗಡೆ ಬೆಳಗೊಳದ ಬೆಟ್ಟ ಕಂಡಿತು, ಆಮೇಲೆ ಚನ್ನರಾಯಪಟ್ಟಣದ ದೊಡ್ಡ ಕೆರೆ, ಹೆದ್ದಾರಿಯಲ್ಲಿ ಸಾಲುಗಟ್ಟಿದ ಲಾರಿಗಳು. ಒಂಬತ್ತು ಐವತ್ತಕ್ಕೆ ಹೇಳಿದೆ, ತಿರುಗಿದೆ. ಹತ್ತು ಐದಕ್ಕೆ ಹಾಸನ. ನನ್ನ ಧ್ವನಿ ಸಹಜವಾಗಿತ್ತಂತೆ, ರೇಡಿಯೋ ಕೋಣೆಯವರು ಆಮೇಲೆ ಹೇಳಿದರು. ಒಳಗೆ ಮಾತ್ರ ಪ್ರತಿ ಊರು ದಾಟಿದ ಹಾಗೆ ಹೆದರಿಕೆ ಹೆಚ್ಚುತ್ತಿತ್ತು.

ಹಾಸನ ಬಿಟ್ಟು ದಕ್ಷಿಣಕ್ಕೆ ತಿರುಗಿದಾಗ ಮೋಡ ಎದುರಿಗೇ ಇತ್ತು. ಮಧ್ಯಾಹ್ನ ಬರಬೇಕಾಗಿದ್ದುದು ಆಗಲೇ ಬಂದಿತ್ತು. ಮೊದಲು ಹತ್ತಿಯಂಥ ಚೂರುಗಳು, ಅವುಗಳ ನಡುವೆ ನೆಲ. ಅವನ್ನು ತಪ್ಪಿಸಲು ಸ್ವಲ್ಪ ಎಡಕ್ಕೆ, ಮತ್ತೆ ಬಲಕ್ಕೆ, ಮತ್ತೆ ಬಲಕ್ಕೆ. ಕೆಳಗಿಳಿದೆ. ಇನ್ನೂ ಕೆಳಗಿಳಿದೆ. ಹಾಳೆಯಲ್ಲಿ ಬರೆದಿದ್ದ ದಿಕ್ಕು ನೇರ ಹೋಗುವವರಿಗೆ. ನಾನು ಎಷ್ಟು ಬಳಸಿದೆ, ಯಾವ ಕಡೆ ಸರಿದೆ ಎಂಬ ಲೆಕ್ಕ ತಪ್ಪಿತ್ತು. ಹತ್ತು ಹದಿನೇಳಕ್ಕೆ ಕೆಳಗೆ ಇರಬೇಕಿದ್ದ ಅರಕಲಗೂಡು ಇರಲಿಲ್ಲ. ತೋಟ, ಹೊಗೆಸೊಪ್ಪು ಒಣಗಿಸುವ ಮನೆಗಳು, ಕೆಂಪು ದಾರಿಗಳು. ಎಲ್ಲ ಊರೂ ಒಂದೇ ಥರ. ಆಮೇಲೆ ನದಿ ಕಂಡಿತು.

ಕಂಡ ಕೂಡಲೇ ಹೇಮಾವತಿ ಎಂದುಕೊಂಡೆ. ಯಾಕೆ ಎಂದು ಈಗ ಕೇಳಿಕೊಂಡರೆ, ನನಗೆ ಗೊತ್ತಿದ್ದ ನದಿ ಅದೊಂದೇ. ನಮ್ಮ ಊರ ಪಕ್ಕದಲ್ಲಿ ಹರಿಯುವುದು ಅದೇ. ಹೆದರಿದಾಗ ಮನೆಯ ಕಡೆಯ ನೀರೇ ಕಾಣಲಿ ಎಂದು ಮನಸ್ಸು ಬಯಸಿತೋ ಏನೋ. ಹೇಮಾವತಿಯಾದರೆ ನೀರಿಗೆ ಎದುರಾಗಿ ಹೋದರೆ ಗೊರೂರಿನ ಅಣೆಕಟ್ಟು ಸಿಗುತ್ತದೆ, ಅಷ್ಟು ದೊಡ್ಡ ನೀರನ್ನು ಯಾರೂ ತಪ್ಪಾಗಿ ಗುರುತಿಸುವುದಿಲ್ಲ, ಅಲ್ಲಿಂದ ಅರಕಲಗೂಡು ಹತ್ತಿರ. ಹೀಗೆ ತರ್ಕ ಮಾಡಿ ನೀರಿಗೆ ಎದುರಾಗಿ ತಿರುಗಿದೆ.

ಗೊರೂರು ವಾಯವ್ಯಕ್ಕಿರಬೇಕು. ದಿಕ್ಸೂಚಿ ನೈಋತ್ಯ ತೋರಿಸುತ್ತಿತ್ತು. ನದಿ ಬಳಸಿ ಹೋಗುತ್ತದೆ, ಮುಂದೆ ತಿರುಗುತ್ತದೆ ಎಂದುಕೊಂಡೆ. ದಿಕ್ಸೂಚಿಯೇ ಕೆಟ್ಟಿರಬಹುದು ಎಂದೂ ಅಂದುಕೊಂಡೆ. ರೇಡಿಯೋ ಕರೆದಾಗ ‘ಸ್ಟ್ಯಾಂಡ್‌ಬೈ’ ಎಂದದ್ದು ಆಗ. ಇನ್ನೊಂದು ತಿರುವು ನೋಡೋಣ, ಅಣೆಕಟ್ಟು ಸಿಕ್ಕಿಬಿಟ್ಟರೆ ಯಾರಿಗೂ ಏನೂ ಹೇಳಬೇಕಾಗಿಲ್ಲ. ಒಂದು ತಿರುವು ಆಯಿತು. ಇನ್ನೊಂದು ಆಯಿತು. ಮೋಡ ಮೇಲಿನಿಂದ ಒತ್ತುತ್ತಿತ್ತು, ನೆಲ ಕೆಳಗಿನಿಂದ ಏರುತ್ತಿತ್ತು. ಗಾಜಿನ ಮೇಲೆ ಸಣ್ಣ ಹನಿಗಳು ಬಂದು ಹಿಂದಕ್ಕೆ ಓಡಿದವು. ಹೊಲಗಳು ಮುಗಿದು ಮರಗಳು ಶುರುವಾಗಿದ್ದವು. ಎದುರಿಗೆ ಬೆಟ್ಟಗಳ ಬುಡ ಕಾಣುತ್ತಿತ್ತು. ತುದಿ ಕಾಣುತ್ತಿರಲಿಲ್ಲ.

ನನ್ನ ಬಲಗಾಲು ನಡುಗುತ್ತಿತ್ತು. ಅದನ್ನು ಕೈಯಿಂದ ಒತ್ತಿ ಹಿಡಿದದ್ದು ನೆನಪಿದೆ; ಇದು ಡೈರಿಯಲ್ಲೂ ಇದೆ, ಆದ್ದರಿಂದ ಬಹುಶಃ ನಿಜ. ಸಾಯುವ ಯೋಚನೆ ಬಂತೇ ಎಂದು ಗೆಳತಿಯೊಬ್ಬಳು ಕೇಳಿದಳು. ಬಂತು ಎಂದು ಅವಳಿಗೆ ಹೇಳಿದ್ದೇನೆ. ನಿಜಕ್ಕೂ ಆಗ ನನ್ನ ತಲೆಯಲ್ಲಿದ್ದದ್ದು, ಬೈಸಿಕೊಳ್ಳುವುದನ್ನು ಹೇಗೆ ತಪ್ಪಿಸುವುದು ಎಂಬುದೇ. ಬೆಟ್ಟಕ್ಕಿಂತ ಹೆಚ್ಚಾಗಿ ನಾನು ಮೇಷ್ಟ್ರಿಗೆ ಹೆದರುತ್ತಿದ್ದೆ. ಕೊನೆಗೆ ಬಲಗಡೆಯ ರೆಕ್ಕೆಯ ತುದಿ ಒಂದು ಗಳಿಗೆ ಬೆಳ್ಳಗಾಗಿ ಮಾಯವಾಯಿತು. ಮೋಡ ತಾಗಿತ್ತು. ಆಗ ಬಾಯಿ ಬಿಟ್ಟೆ.

ಇಂಗ್ಲಿಷಿನಲ್ಲಿ ಹೇಳಲು ಶುರುಮಾಡಿದೆ. ಆಡಬೇಕಾದ ಮಾತುಗಳಿಗೆ ಒಂದು ಕ್ರಮವಿದೆ: ಯಾರು, ಎಲ್ಲಿ, ಎಷ್ಟು ಎತ್ತರ. ‘ಎಲ್ಲಿ’ ಎಂಬಲ್ಲಿ ನಿಂತುಹೋಯಿತು. ಆ ಕಡೆ ಮೈಕು ಕೈ ಬದಲಾದ ಸದ್ದು. ಮೇಷ್ಟ್ರು.

“ಇಂಗ್ಲಿಷ್ ಬಿಡವ್ವ. ಏನ್ ಕಾಣ್ತದೆ, ಅಷ್ಟ್ ಹೇಳು.”

“ನದಿ ಇದೆ ಸರ್, ಹೇಮಾವತಿ. ಗೊರೂರು ಡ್ಯಾಂ ಹುಡುಕ್ತಿದೀನಿ.”

“ಹೇಮಾವತಿ ಅಂತ ಯಾರ್ ಹೇಳಿದ್ರು ನಿಂಗೆ?”

ನಾನು ಮತ್ತೆ ಕೆಳಗೆ ನದಿಯನ್ನು ನೋಡಿದೆ.

“ದಿಕ್ಸೂಚಿ ಎಷ್ಟದೆ?”

“ಇನ್ನೂರ ಮೂವತ್ತು.”

“ಮುಂದೆ?”

“ಬೆಟ್ಟ ಸರ್. ಮೇಲೆ ಮೋಡ.”

“ಅದು ಕಾವೇರಿ. ಕೊಣನೂರು ದಾಟಿ ಕೊಡಗಿನ ಕಡೆ ಹೋಯ್ತಾ ಇದ್ದೀಯ ನೀನು. ಈಗ್ಲೇ ಎಡಕ್ಕೆ ತಿರುಗು. ಗಾಬ್ರಿ ಬಿದ್ದು ಕಡಿದು ತಿರುಗಿಸ್ಬೇಡ, ನಿಧಾನಕ್ಕೆ. ತೊಂಬತ್ತು ಬರಗಂಟ ತಿರುಗ್ತಾನೇ ಇರು.”

ತಿರುಗಿಸಿದೆ. ಬೆಟ್ಟ ಗಾಜಿನ ಮೇಲೆ ಅಡ್ಡಡ್ಡ ಜಾರಿ, ಕಿಟಕಿಗೆ ಬಂದು, ಹಿಂದಕ್ಕೆ ಹೋಯಿತು. ತೊಂಬತ್ತು ಎಂದರೆ ಪೂರ್ವ. ಅವರು ನಿಲ್ಲಿಸದೆ ಮಾತಾಡುತ್ತಿದ್ದರು. ಪೆಟ್ರೋಲು ಎಷ್ಟಿದೆ ಎಂದು ಕೇಳಿದರು, ಬೇಕಾದಷ್ಟಿತ್ತು. ಬೆಳಿಗ್ಗೆ ಏನು ತಿಂದೆ ಎಂದು ಕೇಳಿದರು. ಎರಡು ಇಡ್ಲಿ ಎಂದೆ.

“ಎರಡೇಯಾ? ಅದ್ಕೇ ನದಿ ಗುರ್ತು ಸಿಕ್ಕಿಲ್ಲ. ಈಗ ರೈಲು ಹಳಿ ಸಿಗತನಕ ಏನೂ ಯೋಚ್ನೆ ಮಾಡಬೇಡ. ಹಳಿ ಕಂಡ್ರೆ ಬಲಕ್ಕೆ ತಿರುಗಿ ಅದ್ರ ಮೇಲೇ ಬಾ.”

ಮೋಡ ಹಿಂದೆ ಉಳಿದು ಬಿಸಿಲು ಬಂತು. ಆದರೂ ಹೆದರಿಕೆ ಹೋಗಲಿಲ್ಲ; ಕಂಡ ಕಾಲುವೆಗಳೆಲ್ಲ ಹಳಿಯಂತೆ ಕಾಣತೊಡಗಿದವು, ಎರಡು ಸಲ ಬಾಯಿ ತೆರೆದು ಮುಚ್ಚಿದೆ. ಹಳಿ ಕೊನೆಗೆ ಹಳ್ಳಿಮೈಸೂರಿನಿಂದ ದಕ್ಷಿಣಕ್ಕೆ ಎಲ್ಲೋ ಸಿಕ್ಕಿತು. ಅದರ ಮೇಲೆ, ಬೆರಳಿಟ್ಟು ಅಕ್ಷರ ಓದುವ ಮಗುವಿನಂತೆ, ಶಾಲೆ ಸೇರಿದೆ. ಇಳಿದದ್ದು ಕೆಟ್ಟದಾಗಿತ್ತು, ಮೂರು ಸಲ ನೆಗೆಯಿತು.

ಮೇಷ್ಟ್ರು ಬೈಯಲಿಲ್ಲ. ಕೋಣೆಯಲ್ಲಿ ಕೂರಿಸಿ, ನೀರು ಕೊಟ್ಟು, ಮೇಜಿನ ಮೇಲೆ ಬಟ್ಟೆಯ ಚೀಲವನ್ನು ಇಟ್ಟರು. ಮೆಕ್ಯಾನಿಕ್‌ಗೆ ಸಿಕ್ಕಿತ್ತಂತೆ.

“ಇದು ಆ ವಿಮಾನಕ್ಕೆ ಮೊದ್ಲೇ ಯಾಕೆ ಹೋಯ್ತು?”

ಹೇಳಿದೆ. ಅಮ್ಮ, ರಾಹುಕಾಲ, ಎಲ್ಲ. ಅವರು ನಗುತ್ತಾರೆಂದು ಕಾದೆ. ನಗಲಿಲ್ಲ. “ನಮ್ಮವ್ವನೂ ಇಡ್ಸೋಳು,” ಎಂದಷ್ಟೇ ಹೇಳಿದರು. ಆಮೇಲೆ ಕೇಳಿದರು: “ಮರೆತು ಬಿಟ್ಟೆಯೋ, ಗೊತ್ತಿದ್ದೂ ಬಿಟ್ಟೆಯೋ? ನೋಡ್ಕಂಡ್ ಹೇಳು. ಮರೆತಿದ್ರೆ ಇನ್ನೊಂದ್ಸಲ ಪಟ್ಟಿ ಓದಿಸಿ ಕಳಿಸ್ತೀನಿ. ಗೊತ್ತಿದ್ದೂ ಬಿಟ್ಟಿದ್ರೆ ಸೋಲೋ ನಿಲ್ಲಿಸ್ಬೇಕಾಗ್ತದೆ.”

ಮರೆತೆ ಎಂದುಬಿಡಬಹುದಿತ್ತು. ಯಾರೂ ಅಲ್ಲವೆನ್ನುವಂತಿರಲಿಲ್ಲ, ನಾನು ಕೂಡ.

“ಗೊತ್ತಿಲ್ಲ ಸರ್,” ಎಂದೆ.

“ಗೊತ್ತಿಲ್ಲ ಅಂದ್ರೆ?”

“ಎರಡೂ ನೆನಪಿದೆ.”

ಅವರು ನನ್ನ ಕಡತ ತೆಗೆದು, ಜೊತೆಯಲ್ಲಿ ಹಾರಿ ನೋಡುವ ಮುಂದಿನ ತಪಾಸಣೆಯವರೆಗೆ ಒಬ್ಬಳೇ ಹಾರಲು ಅನುಮತಿ ಇಲ್ಲ ಎಂದು ಬರೆದು ನನ್ನ ಸಹಿ ಹಾಕಿಸಿದರು. ತಪಾಸಣೆ ಬೇಕು ಎಂದಾಗ ನಾನೇ ಬಂದು ಕೇಳಬೇಕು ಎಂದರು. ಸಹಿ ಹಾಕುವಾಗ ನನಗೆ ಆದದ್ದು ದುಃಖವಲ್ಲ. ಎದೆಯ ಮೇಲಿನ ಕಲ್ಲು ಇಳಿದಂತಾಯಿತು: ಇನ್ನು ಒಬ್ಬಳೇ ಹೋಗಬೇಕಾಗಿಲ್ಲ. ಡೈರಿಯಲ್ಲಿ ‘ಅವಮಾನವಾಯಿತು’ ಎಂದು ಬರೆದಿದ್ದೇನೆ. ಅದೂ ಸುಳ್ಳು. ಅಮ್ಮನಿಗೆ ಫೋನು ಮಾಡಿ, ಎಲ್ಲ ಸರಿಯಾಯಿತು ಎಂದೆ. “ನೋಡಿದ್ಯಾ, ಹೇಳ್ಲಿಲ್ವಾ ನಾನು?” ಎಂದರು.

ಒಂಬತ್ತು ದಿನ ನಾನು ಕೇಳಲಿಲ್ಲ. ಓದುವುದಿದೆ, ಹವೆ ಸರಿಯಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಬೇರೆಯವರ ವಿಮಾನ ಏಳುವ ಸದ್ದು ಕೇಳಿದರೆ ಕಿಟಕಿ ಮುಚ್ಚುತ್ತಿದ್ದೆ. ಹತ್ತನೆಯ ದಿನ ಹೋಗಿ ಕೇಳಿದೆ. ಧೈರ್ಯ ಬಂದದ್ದರಿಂದಲ್ಲ, ಕೇಳದೆ ಇದ್ದರೆ ಇನ್ನು ಯಾವತ್ತೂ ಕೇಳುವುದಿಲ್ಲ ಎಂದು ಹೆದರಿಕೆಯಾಯಿತು, ಆ ಹೆದರಿಕೆ ಕೊಂಚ ದೊಡ್ಡದಿತ್ತು. ಮೇಷ್ಟ್ರು ಪಕ್ಕದಲ್ಲಿ ಕೂತು ಎರಡು ಸಲ ಅದೇ ದಾರಿಯಲ್ಲಿ ಕರೆದೊಯ್ದರು. ಮೂರನೆಯ ಬೆಳಿಗ್ಗೆ ಚೀಟಿಗೆ ಸಹಿ ಹಾಕಿದರು. ಈ ಸಲ ಸಣ್ಣ ದಾರಿ, ಹೊಳೆನರಸೀಪುರದವರೆಗೆ ಹೋಗಿ ಬರುವುದು.

ನಕ್ಷೆ ತೊಡೆಯ ಮೇಲೇ ಇತ್ತು. ರೈಲು ಹಳಿ ಕೆಳಗಿತ್ತು. ಹಳ್ಳಿಮೈಸೂರು ಸರಿಯಾದ ನಿಮಿಷಕ್ಕೆ ಬಂತು. ಅಲ್ಲಿಂದ ನಮ್ಮ ಊರು ಇನ್ನು ಕೆಲವೇ ನಿಮಿಷ. ಎಡಗಡೆ ದೂರದಲ್ಲಿ ಒಂದು ಮೋಡವಿತ್ತು. ಅದು ನನ್ನ ಕಡೆ ಬರುತ್ತಿದೆ ಎನಿಸಿತು. ನೋಡುತ್ತಿದ್ದ ಹಾಗೆ ಬಲಗಾಲು ನಡುಗತೊಡಗಿತು. ರೇಡಿಯೋ ಒತ್ತಿ, ಅನುಮಾನವಿದೆ, ವಾಪಸು ಬರುತ್ತಿದ್ದೇನೆ ಎಂದೆ. “ಬಾ,” ಎಂದರು ಮೇಷ್ಟ್ರು. ಬೇರೇನೂ ಕೇಳಲಿಲ್ಲ.

ಇಳಿದಾಗ ಚಕ್ರ ಉರುಳದಂತೆ ಮರದ ತುಂಡು ಇಡಲು ಮೆಕ್ಯಾನಿಕ್ ಬಂದರು.

“ಇಷ್ಟ್ ಬ್ಯಾಗ ಯಾಕ್ ಬಂದ್ಬುಟ್ಟೆ ಕಣವ್ವಾ?”

“ಮೋಡ ಇತ್ತು.”

ಅವರು ಹಣೆಗೆ ಕೈ ಅಡ್ಡ ಹಿಡಿದು ನಾಲ್ಕೂ ಕಡೆ ಆಕಾಶ ನೋಡಿದರು. “ಎಲ್ಲೈತೆ?” ಎಂದರು.

ನಾನೂ ನೋಡಿದೆ. ಅಲ್ಲಿಂದ ಏನೂ ಕಾಣುತ್ತಿರಲಿಲ್ಲ. ಒಳಗೆ ಹೋಗಿ, ಹಾರಾಟದ ವಿವರ ಬರೆಯುವ ಲಾಗ್‌ಬುಕ್ ತೆರೆದು, ಕಾರಣ ಎಂಬಲ್ಲಿ ‘ಮೋಡ’ ಎಂದು ಬರೆದೆ. ಆ ಪದದ ಪಕ್ಕ ಇನ್ನೂ ಜಾಗವಿತ್ತು. ‘ಹೆದರಿಕೆಯೂ ಇತ್ತು’ ಎಂದು ಸೇರಿಸಿ, ಸಹಿಗೆಂದು ಮೇಷ್ಟ್ರ ಮೇಜಿನ ಮೇಲೆ ಇಟ್ಟುಬಂದೆ.